ಅಸಲು, ನಕಲು ಮತ್ತು ನಮ್ಮ ಕಚೇರಿಯ ಕಂಪ್ಯೂಟರು

ಪವಿತ್ರ ಕುರ್‌ಆನಿನಲ್ಲಿ ಎಲ್ಲಕ್ಕಿಂತ ದೀರ್ಘವಾದ ಸೂಕ್ತ ಯಾವುದು? ಸೂರಃ ಅಲ್ ಬಕರಃದ 282ನೆಯ ಸೂಕ್ತ. ಅದು ನಮಾಝ್ ಅಥವಾ ಉಪವಾಸದ ಕುರಿತಾದುದಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾದುದು. ವ್ಯವಹಾರ ಚಿಕ್ಕದಿರಲಿ, ದೊಡ್ಡದಿರಲಿ ಅದನ್ನು ಅವಧಿಸಹಿತ ಬರೆಯಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ಆಶಯ. ದಾಖಲೆ ಎಂಬುದು ಕೇವಲ ಗುಮಾಸ್ತರ ಕೆಲಸವಲ್ಲ, ಅದೊಂದು ಅಮಾನತ್ತು ಎಂಬುದನ್ನು ನಮ್ಮ ಧರ್ಮ ಹದಿನಾಲ್ಕು ಶತಮಾನಗಳ ಹಿಂದೆಯೇ ತಿಳಿಸಿದೆ.

ಇಂದು ಆ ಬರಹ ಪುಸ್ತಕದಿಂದ ಕಂಪ್ಯೂಟರಿಗೆ ಬಂದಿದೆ. ಮಕ್ಕಳ ದಾಖಲಾತಿ, ವಿದ್ಯಾರ್ಥಿವೇತನದ ಅರ್ಜಿ, ಚಂದಾ ರಸೀದಿ, ಝಕಾತ್ ಲೆಕ್ಕ, ಆಡಿಟ್ ವರದಿ ಎಲ್ಲವೂ ಸಂಸ್ಥೆಯ ಕಚೇರಿಯ ಒಂದು ಯಂತ್ರದೊಳಗೆ ಸೇರಿವೆ. ಮೂರ್ನಾಲ್ಕು ಕಂಪ್ಯೂಟರುಗಳಿರುವ ಸಣ್ಣ ಕಚೇರಿಯಲ್ಲಿ ಅವುಗಳಲ್ಲಿ ಒಂದನ್ನು ಸರ್ವರ್ ಎನ್ನುತ್ತೇವೆ. ಅದು ಕೆಟ್ಟರೆ ಏನು ಮಾಡುವುದು? ಅದಕ್ಕೆ ಬ್ಯಾಕಪ್ ಯಾವುದಿರಬೇಕು? ಸಾಮಾನ್ಯವಾಗಿ ಈ ಪ್ರಶ್ನೆಯನ್ನು ನಾವು ಅಂಗಡಿಯವರಲ್ಲಿ ಕೇಳುತ್ತೇವೆ. ಅವರು ತಮ್ಮಲ್ಲಿರುವ ವಸ್ತುವನ್ನು ತೋರಿಸುತ್ತಾರೆ. ಅಂಗಡಿಗೆ ಹೋಗುವ ಮೊದಲು ಈ ಪ್ರಶ್ನೆಯನ್ನು ಚರಿತ್ರೆಯಲ್ಲಿ ಕೇಳಿದರೆ ಹೆಚ್ಚು ಪ್ರಯೋಜನ ಎಂಬುದು ಈ ಲೇಖನದ ಉದ್ದೇಶ.

ನಕಲು ಎಂಬ ಪದ

ಪರೀಕ್ಷೆಯ ದಿನಗಳಲ್ಲಿ ನಕಲು ಎಂದರೆ ವಿದ್ಯಾರ್ಥಿಗಳಿಗೆ ಒಂದೇ ಅರ್ಥ. ಮಾರುಕಟ್ಟೆಯಲ್ಲಿ ನಕಲಿ ಎಂದರೆ ಖೋಟಾ ಮಾಲು. ಆದರೆ ಅರಬಿ ಮೂಲದಲ್ಲಿ ಈ ಪದಕ್ಕೆ ಇಂಥ ಕೆಟ್ಟ ಹೆಸರಿಲ್ಲ. 'ನಕಲ್' ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ದಾಟಿಸುವುದು. ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದೂ ನಕಲೇ. ಅಸಲು, ನಕಲು, ದಫ್ತರ, ದಾಖಲೆ, ರಸೀದಿ, ತಹಶೀಲ್ದಾರ ಮುಂತಾದ ಪದಗಳು ಅರಬಿ, ಪಾರಸಿಗಳಿಂದ ಆಡಳಿತದ ಮೂಲಕ ಕನ್ನಡಕ್ಕೆ ಬಂದು ಇಲ್ಲಿಯ ಮನೆಮಾತಾದವು.

ನಕಲಿನ ಈ ಮೂಲ ಅರ್ಥವನ್ನು ನೆನಪಿಟ್ಟುಕೊಂಡರೆ ಬ್ಯಾಕಪ್ಪಿನ ಅರ್ಧ ಪಾಠ ಮುಗಿದಂತೆ. ಅಸಲಿನ ಪಕ್ಕದಲ್ಲಿಯೇ ಕುಳಿತಿರುವ ಪ್ರತಿ ನಕಲಲ್ಲ. ಬೇರೆ ಸ್ಥಳಕ್ಕೆ ಸಾಗಿದಾಗ ಮಾತ್ರ ಅದು ನಕಲು.

ಮುಸ್‌ಹಫ್‌ನ ಸಂಗ್ರಹ

ಪ್ರವಾದಿ ಮುಹಮ್ಮದ್(ಸ)ರ ನಿಧನದ ನಂತರ, ಹಿಜರಿ 11-12ರಲ್ಲಿ, ಅಂದರೆ ಕ್ರಿ.ಶ. 632-33ರ ಸುಮಾರಿಗೆ ಯಮಾಮ ಯುದ್ಧ ನಡೆಯಿತು. ಅದರಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕ ಸಹಾಬಿಗಳು ಹುತಾತ್ಮರಾದರು. ಹೀಗೆಯೇ ಮುಂದುವರಿದರೆ ಗತಿಯೇನು ಎಂದು ಹ. ಉಮರ್(ರ) ಚಿಂತಿಸಿ ಖಲೀಫ ಹ. ಅಬೂಬಕರ್(ರ)ರ ಮುಂದೆ ಸಲಹೆಯಿಟ್ಟರು. ಹ. ಝೈದ್ ಬಿನ್ ಸಾಬಿತ್(ರ)ರಿಗೆ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆ ಬಂತು. ಅವರು ಸ್ವತಃ ಹಾಫಿಝ್ ಆಗಿದ್ದರು. ಆದರೂ ತಮ್ಮ ನೆನಪೊಂದನ್ನೇ ಆಧಾರವಾಗಿಟ್ಟುಕೊಳ್ಳಲಿಲ್ಲ. ಖರ್ಜೂರದ ಗರಿ, ಕಲ್ಲಿನ ಚಪ್ಪಡಿ, ಚರ್ಮ ಮುಂತಾದವುಗಳ ಮೇಲೆ ಬರೆದಿದ್ದನ್ನು ಕಂಠಪಾಠದೊಂದಿಗೆ ತಾಳೆ ನೋಡಿ, ಇಬ್ಬರು ಸಾಕ್ಷಿಗಳನ್ನು ಕೇಳಿ ಸ್ವೀಕರಿಸುತ್ತಿದ್ದರು ಎಂದು ಉಲ್ಲೇಖಗಳಿವೆ.

ಆ ಪ್ರತಿ ಹ. ಅಬೂಬಕರ್(ರ), ನಂತರ ಹ. ಉಮರ್(ರ), ಅವರ ನಂತರ ಮಾತೆ ಹ. ಹಫ್ಸಾ(ರ)ರ ಬಳಿ ಸುರಕ್ಷಿತವಾಗಿತ್ತು. ಸುಮಾರು ಕ್ರಿ.ಶ. 650ರಲ್ಲಿ ಖಲೀಫ ಹ. ಉಸ್ಮಾನ್(ರ) ಅದನ್ನು ತರಿಸಿ, ಹ. ಝೈದ್(ರ)ರನ್ನು ಒಳಗೊಂಡ ಸಮಿತಿಯಿಂದ ಪ್ರತಿಗಳನ್ನು ಬರೆಸಿ ಕೂಫ, ಬಸ್ರ, ಸಿರಿಯಾ ಮುಂತಾದ ಕೇಂದ್ರಗಳಿಗೆ ಕಳುಹಿಸಿದರು. ಮೂಲಪ್ರತಿಯನ್ನು ಹ. ಹಫ್ಸಾ(ರ)ರಿಗೆ ಹಿಂದಿರುಗಿಸಿದರು. ಪ್ರತಿಗಳೊಡನೆ ಅದನ್ನು ಸರಿಯಾಗಿ ಓದಿ ಕಲಿಸಬಲ್ಲ ಕಾರಿಗಳನ್ನೂ ಕಳುಹಿಸಲಾಯಿತು ಎಂದು ಪರಂಪರೆ ಹೇಳುತ್ತದೆ.

ಅಲ್ಲಾಹನ ಗ್ರಂಥವನ್ನು ಕಚೇರಿಯ ಕಡತಗಳೊಂದಿಗೆ ಹೋಲಿಸುವ ಉದ್ದೇಶ ಇಲ್ಲಿಲ್ಲ. ಸಹಾಬಿಗಳ ಕಾರ್ಯವಿಧಾನವನ್ನು ಮಾತ್ರ ಗಮನಿಸೋಣ. ಎದೆಯಲ್ಲೊಂದು, ಬರಹದಲ್ಲೊಂದು ಎಂದು ಎರಡು ಬಗೆಯ ಸಂರಕ್ಷಣೆ, ಸಾಕ್ಷಿಯೊಂದಿಗೆ ಪರಿಶೀಲನೆ, ಬೇರೆ ಬೇರೆ ನಗರಗಳಲ್ಲಿ ಪ್ರತಿಗಳು, ಪ್ರತಿಯೊಂದಿಗೆ ಅದನ್ನು ಓದಬಲ್ಲ ವ್ಯಕ್ತಿ. ನಂತರದ ಹದೀಸ್ ವಿದ್ವಾಂಸರು ಇದೇ ಶಿಸ್ತನ್ನು ಬೆಳೆಸಿದರು. ಅವರಲ್ಲಿ ಪ್ರತಿ ಬರೆದು ಮುಗಿಸಿದರೆ ಕೆಲಸ ಮುಗಿಯುತ್ತಿರಲಿಲ್ಲ. ಅದನ್ನು ಮೂಲದ ಜತೆ ಇಟ್ಟು ಓದಿ ತಾಳೆ ನೋಡಬೇಕಾಗಿತ್ತು. ಇದಕ್ಕೆ 'ಮುಕಾಬಲ' ಎಂದು ಹೆಸರು. ಮುಕಾಬಲ ಆಗದ ಪ್ರತಿಯನ್ನು ವಿದ್ವಾಂಸರು ನೆಚ್ಚುತ್ತಿರಲಿಲ್ಲ.

ಬಗ್ದಾದಿನ ಪಟ್ಟಿ

10ನೆಯ ಶತಮಾನದ ಬಗ್ದಾದಿನಲ್ಲಿ ವರ್ರಾಕ್ ಎಂಬ ವೃತ್ತಿಯವರಿದ್ದರು. ಪುಸ್ತಕಗಳನ್ನು ಪ್ರತಿ ಮಾಡುವುದು, ಮಾರುವುದು ಅವರ ಕಸುಬು. ಅಂಥ ಒಬ್ಬ ಪುಸ್ತಕ ವ್ಯಾಪಾರಿ ಇಬ್ನುಲ್ ನದೀಮ್ ಕ್ರಿ.ಶ. 987ರ ಸುಮಾರಿಗೆ 'ಅಲ್ ಫಿಹ್ರಿಸ್ತ್' ಎಂಬ ಗ್ರಂಥಸೂಚಿಯನ್ನು ರಚಿಸಿದರು. ತತ್ವಜ್ಞಾನಿ ಅಲ್ ಕಿಂದಿ ಒಬ್ಬರ ಹೆಸರಿನಲ್ಲಿಯೇ ಅದರಲ್ಲಿ 200ಕ್ಕೂ ಹೆಚ್ಚು ಕೃತಿಗಳಿವೆ. ಅವುಗಳಲ್ಲಿ ಬಹುಪಾಲು ಇಂದು ಸಿಗುವುದಿಲ್ಲ. ಸೂಚಿ ಉಳಿಯಿತು, ಪುಸ್ತಕಗಳು ಉಳಿಯಲಿಲ್ಲ.

1258ರ ಫೆಬ್ರವರಿಯಲ್ಲಿ ಹುಲಾಗುವಿನ ಸೈನ್ಯ ಬಗ್ದಾದನ್ನು ಧ್ವಂಸ ಮಾಡಿದಾಗ ಅಲ್ಲಿಯ ಗ್ರಂಥಾಲಯಗಳು ನಾಶವಾದವು. ಆದರೂ ಅರಬಿ ವಿದ್ಯೆ ಸಂಪೂರ್ಣ ಅಳಿಯಲಿಲ್ಲ. ಕೈರೋ, ದಮಾಸ್ಕಸ್, ಸ್ಪೇನ್ ಮುಂತಾದ ಕಡೆ ಪ್ರತಿಗಳಿದ್ದ ಪುಸ್ತಕಗಳು ಬದುಕಿದವು. ಬಗ್ದಾದಿನಲ್ಲಿ ಮಾತ್ರ ಇದ್ದ ಪುಸ್ತಕ ಎಷ್ಟೇ ಶ್ರೇಷ್ಠವಾದರೂ ಹೋಯಿತು. ಪುಸ್ತಕದ ಯೋಗ್ಯತೆ ಅದನ್ನು ಕಾಪಾಡಲಿಲ್ಲ. ದೂರದ ಊರಿನ ಪ್ರತಿ ಕಾಪಾಡಿತು.

ಕಡತ ಮತ್ತು ಕಲ್ಲು

ಇನ್ನು ನಮ್ಮ ನಾಡಿಗೆ ಬರೋಣ. ಸರ್ಕಾರಿ ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತ ಎಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಮಠಗಳ ಆದಾಯ, ವ್ಯಾಪಾರಿಗಳ ಬಾಕಿ ಎಲ್ಲವೂ ಇದರಲ್ಲಿರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಇಂದಿಗೂ ಆಧಾರ. ಕಡತದ ಬರಹವನ್ನು ಸ್ಲೇಟಿನಂತೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಇಂದಿನ ಹಾರ್ಡ್ ಡಿಸ್ಕಿನ ಗುಣವೂ ಅದೇ. ಅನುಕೂಲವೂ ಅದೇ, ಅಪಾಯವೂ ಅದೇ.

ಆದ್ದರಿಂದಲೇ ಹಿರಿಯರು ದಿನದ ಲೆಕ್ಕವನ್ನು ಕಡತದಲ್ಲಿ ಬರೆದು, ಶಾಶ್ವತವಾದ ದಾನದತ್ತಿಗಳನ್ನು ಕಲ್ಲಿಗೆ ಅಥವಾ ತಾಮ್ರಪಟಕ್ಕೆ ಏರಿಸುತ್ತಿದ್ದರು. ಬದಲಾಗುವುದಕ್ಕೆ ಒಂದು ಸಾಧನ, ಬದಲಾಗಬಾರದ್ದಕ್ಕೆ ಇನ್ನೊಂದು ಸಾಧನ. ಈ ವಿವೇಕವನ್ನು ಇಂದಿನ ಕಚೇರಿಗಳು ಕಲಿಯಬೇಕಾಗಿದೆ.

ನಮ್ಮ ಶಿರಾ 1687ರಿಂದ 1757ರವರೆಗೆ ಮೊಗಲ್ ಸುಬಾದ ರಾಜಧಾನಿಯಾಗಿತ್ತು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳ ಲೆಕ್ಕ ಇಲ್ಲಿಗೆ ಬರುತ್ತಿತ್ತು. ಅಂದರೆ ಇಂದು ತಾವರೆಕೆರೆಯವರು ತಾಲ್ಲೂಕು ಕಚೇರಿಗೆಂದು ಹೋಗುವ ಶಿರಾ ಆ ಕಾಲದಲ್ಲಿ ಒಂದು ದೊಡ್ಡ ಪ್ರಾಂತ್ಯದ ದಫ್ತರವಾಗಿತ್ತು. 1757ರಿಂದ 1774ರೊಳಗೆ ಊರು ಮರಾಠರ ಮತ್ತು ಮೈಸೂರಿನವರ ನಡುವೆ ಹಲವು ಬಾರಿ ಕೈ ಬದಲಾಯಿತು. ಇಂದು ಶಿರಾಕ್ಕೆ ಹೋದವರಿಗೆ ಆ ಕಾಲದ ಸಾಕ್ಷಿಯಾಗಿ ಎದುರಾಗುವುದು 1651ರ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ, ಕೋಟೆಯ ಅವಶೇಷ ಇಂಥ ಕಲ್ಲಿನ ಕೆಲಸಗಳೇ.

ಕಲ್ಲೂ ಶಾಶ್ವತವಲ್ಲ ಎಂಬುದನ್ನು ಬಿ.ಎಲ್. ರೈಸ್ ಅವರ ಶ್ರಮ ತೋರಿಸುತ್ತದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅವರು ಊರೂರಿನ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಮುದ್ರಿಸಿದರು. ತುಮಕೂರು ಜಿಲ್ಲೆಯ 12ನೆಯ ಸಂಪುಟ 1904ರಲ್ಲಿ ಹೊರಬಂತು. ಅವರು ದಾಖಲಿಸಿದ ಎಷ್ಟೋ ಕಲ್ಲುಗಳು ಈಗ ರಸ್ತೆ, ಕಟ್ಟಡಗಳ ಕೆಳಗೆ ಹೋಗಿವೆ. ಕಲ್ಲು ಹೋದರೂ ಅದರ ಪಾಠ ಮುದ್ರಿತ ಸಂಪುಟದಲ್ಲಿ, ಹತ್ತಾರು ಗ್ರಂಥಾಲಯಗಳಲ್ಲಿ ಉಳಿದಿದೆ. ಇಲ್ಲಿ ಅಸಲನ್ನು ಉಳಿಸಿದ್ದು ಕಾಗದದ ನಕಲು.

ಶ್ರೀರಂಗಪಟ್ಟಣದ ಗ್ರಂಥಭಂಡಾರ

ಟಿಪ್ಪು ಸುಲ್ತಾನರ ಅರಮನೆಯಲ್ಲಿ ಸುಮಾರು 2,000 ಸಂಪುಟಗಳ ಗ್ರಂಥಭಂಡಾರವಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರ ಅದು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದರ ಬಹುಭಾಗ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ, ಅಲ್ಲಿಂದ ಮುಂದೆ ಲಂಡನ್ನಿಗೆ ಹೋಯಿತು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅದರ ವಿವರವಾದ ಪಟ್ಟಿಯನ್ನು ಪ್ರಕಟಿಸಿದರು. ಟಿಪ್ಪುವಿನ ಪತ್ರಗಳ ಆಯ್ದ ಭಾಗವನ್ನು ಕರ್ನಲ್ ಕಿರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು. ಸುಲ್ತಾನರು ಸ್ವಹಸ್ತದಿಂದ ಬರೆದ ಕನಸುಗಳ ಪುಸ್ತಕವೂ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಪುಸ್ತಕಗಳು ನಾಶವಾಗಲಿಲ್ಲ ಎಂಬುದು ಸಮಾಧಾನ. ಆದರೆ ಮೈಸೂರಿನ ಸುಲ್ತಾನರ ಕೈಬರಹ ನೋಡಲು ಮೈಸೂರಿನ ವಿದ್ಯಾರ್ಥಿ ಲಂಡನ್ನಿನ ಕಡೆ ನೋಡಬೇಕಾಗಿದೆ. ದಾಖಲೆ ಉಳಿದರೆ ಸಾಲದು, ಅದರ ಕೀಲಿಕೈ ಯಾರ ಬಳಿ ಇದೆ ಎಂಬುದೂ ಅಷ್ಟೇ ಮುಖ್ಯ. ಕಚೇರಿಯ ಎಲ್ಲ ಕಡತಗಳನ್ನು ಯಾರೋ ಒಬ್ಬ ನೌಕರರ ಸ್ವಂತ ಇ-ಮೇಲ್ ಖಾತೆಯಲ್ಲಿ ಇಟ್ಟು ನಿಶ್ಚಿಂತರಾಗಿರುವವರು ಈ ಮಾತನ್ನು ಗಮನಿಸಬೇಕು. ಆ ನೌಕರರು ಕೆಲಸ ಬಿಟ್ಟ ದಿನ ಕೀಲಿಕೈಯೂ ಅವರೊಡನೆ ಹೋಗುತ್ತದೆ.

ಟೇಪಿನಿಂದ ಕ್ಲೌಡಿನವರೆಗೆ

1951ರಲ್ಲಿ ಅಮೆರಿಕದ ಯೂನಿವ್ಯಾಕ್ ಕಂಪ್ಯೂಟರ್ ದತ್ತಾಂಶವನ್ನು ಕಾಂತೀಯ ಟೇಪಿನಲ್ಲಿ ಇಡತೊಡಗಿತು. 1956ರಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಯಂತ್ರವನ್ನು ತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ, ಸುಮಾರು ಒಂದು ಟನ್ ತೂಗುತ್ತಿದ್ದ ಆ ಯಂತ್ರ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೆ ಬೇಕಾಗುವ ಜಾಗ ಅಷ್ಟು.

ಟೇಪುಗಳ ಕಾಲದಲ್ಲಿಯೇ ಒಂದು ಒಳ್ಳೆಯ ಪದ್ಧತಿ ರೂಢಿಗೆ ಬಂತು. ಅದರ ಹೆಸರು 'ಅಜ್ಜ-ತಂದೆ-ಮಗ'. ದಿನನಿತ್ಯದ ಪ್ರತಿ ಮಗ, ವಾರದ ಪ್ರತಿ ತಂದೆ, ತಿಂಗಳ ಪ್ರತಿ ಅಜ್ಜ. ಇಂದಿನ ಕಡತದಲ್ಲಿ ತಪ್ಪು ನುಸುಳಿದ್ದರೆ ನಿನ್ನೆಯ ಪ್ರತಿಯಲ್ಲಿ ಸರಿಯಾದದ್ದು ಸಿಗಬಹುದು. ನಿನ್ನೆಯದರಲ್ಲಿಯೂ ತಪ್ಪಿದ್ದರೆ ಕಳೆದ ತಿಂಗಳ ಅಜ್ಜನನ್ನು ಕೇಳಬಹುದು. ಒಂದೇ ಪ್ರತಿಯ ಮೇಲೆ ದಿನವೂ ಹೊಸದನ್ನು ಬರೆಯುತ್ತಾ ಹೋದರೆ ತಪ್ಪು ಕೂಡ ನಿಷ್ಠೆಯಿಂದ ನಕಲಾಗುತ್ತದೆ.

1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 'ರೇಡ್' ಎಂಬ ವ್ಯವಸ್ಥೆಯನ್ನು ವಿವರಿಸಿದರು. ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟಿಗೆ ಜೋಡಿಸಿ, ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ ಉಪಾಯ ಇದು. ಅಂಗಡಿಗಳಲ್ಲಿ ಇದನ್ನೇ ಬ್ಯಾಕಪ್ ಎಂದು ಮಾರುವುದುಂಟು. ಇದು ಬ್ಯಾಕಪ್ ಅಲ್ಲ. ಎರಡೂ ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಬೆಂಕಿ, ಸಿಡಿಲು, ಕಳ್ಳತನ ಎರಡನ್ನೂ ಒಟ್ಟಿಗೆ ಒಯ್ಯುತ್ತವೆ. ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಅದೇ ಕ್ಷಣದಲ್ಲಿ ಎರಡರಲ್ಲಿಯೂ ಅಳಿಯುತ್ತದೆ. ರೇಡ್ ಕೆಲಸ ನಿಲ್ಲದಿರಲು. ಬ್ಯಾಕಪ್ ಕಳೆದದ್ದನ್ನು ಹಿಂದೆ ಪಡೆಯಲು.

1.44 ಎಂಬಿಯ ಫ್ಲಾಪಿ, ಸಿಡಿ, ಪೆನ್ ಡ್ರೈವ್ ಕೂಡ ಬಳಕೆಗೆ ಬಂದವು. 2006ರಲ್ಲಿ ಅಮೆಜಾನ್ ಕಂಪನಿ ದತ್ತಾಂಶ ಇಡುವ ಜಾಗವನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಕೊಡತೊಡಗಿತು. ಇಂದು ನಾವು ಕ್ಲೌಡ್ ಎನ್ನುವುದು ಇಂಥ ಸೇವೆಯನ್ನೇ. ಅದೇ ದಶಕದಲ್ಲಿ ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಸೂತ್ರ 3-2-1. ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ಹಿಂದಿನ ಪುಟಗಳಲ್ಲಿ ನೋಡಿದ ಚರಿತ್ರೆಯೆಲ್ಲ ಈ ಮೂರು ಅಂಕಿಗಳಲ್ಲಿ ಅಡಗಿದೆ.

ನಮ್ಮ ರಾಜ್ಯದ ಭೂಮಿ ಯೋಜನೆಯನ್ನೂ ಇಲ್ಲಿ ನೆನೆಯಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿ, 2002ರ ಹೊತ್ತಿಗೆ ಕೈಬರಹದ ಪಹಣಿ ನಿಂತಿತು. ಹಿಂದೆ ಶಾನುಭೋಗರ ಮನೆಗೆ ಬೆಂಕಿ ಬಿದ್ದರೆ ಕೆಲವು ಗ್ರಾಮಗಳ ಲೆಕ್ಕ ಹೋಗುತ್ತಿತ್ತು. ಎಲ್ಲವೂ ಒಂದು ಯಂತ್ರದಲ್ಲಿ ಸೇರಿದಾಗ ಹುಡುಕುವುದು ಸುಲಭವಾಯಿತು, ಕಳೆದುಕೊಳ್ಳುವುದೂ ದೊಡ್ಡದಾಯಿತು. ಆದ್ದರಿಂದ ಗಣಕೀಕರಣ ಮಾಡಿದವರಿಗೆ ಬ್ಯಾಕಪ್ ಮಾಡುವುದು ಅನಿವಾರ್ಯ ಕರ್ತವ್ಯ.

ಇತ್ತೀಚಿನ ಮೂರು ಘಟನೆಗಳು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರೊಬ್ಬರು ಕೆಲಸದ ಒತ್ತಡದಲ್ಲಿ ಮುಖ್ಯ ದತ್ತಾಂಶವನ್ನೇ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಿದ್ದರೂ ಆಪತ್ತಿನಲ್ಲಿ ಅವು ಸರಿಯಾಗಿ ಕೆಲಸಕ್ಕೆ ಬರಲಿಲ್ಲ. ಅದೃಷ್ಟವಶಾತ್ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಮುಕಾಬಲ ಮಾಡದ ಪ್ರತಿಯನ್ನು ನಂಬಬಾರದು ಎಂದ ಹಳೆಯ ಉಲೇಮಾಗಳ ಮಾತು ಇಲ್ಲಿ ನಿಜವಾಯಿತು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿ ನಡೆಯಿತು. ಕಿಡಿಗೇಡಿಗಳು ದತ್ತಾಂಶಕ್ಕೆ ಬೀಗ ಹಾಕಿದರು. ಇಂಥ ದಾಳಿಗೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಹಲವು ದಿನ ರೋಗಿಗಳ ನೋಂದಣಿ ಕೈಬರಹದಲ್ಲಿ ನಡೆಯಿತು. ದಾಳಿಗೆ ಸಿಲುಕದ ಒಂದು ಬ್ಯಾಕಪ್ ಸರ್ವರಿನಿಂದ ದತ್ತಾಂಶವನ್ನು ಹಿಂದೆ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಎದ್ದಿತು. ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ ಸುಟ್ಟುಹೋಯಿತು. ಅದರಲ್ಲಿದ್ದುದು 858 ಟೆರಾಬೈಟ್. ಗಾತ್ರ ತುಂಬಾ ದೊಡ್ಡದು ಎಂಬ ಕಾರಣಕ್ಕೆ ಹೊರಗಡೆ ಪ್ರತಿಯನ್ನೇ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶಕ್ಕೆ ಬಗ್ದಾದಿನ ಪಾಠ ಮತ್ತೆ ಕಲಿಯಬೇಕಾಯಿತು.

ನಮಗೆ ಇದರಿಂದ ಏನು?

ನಮ್ಮದು ಸಣ್ಣ ಸಂಸ್ಥೆ, ನಮ್ಮಲ್ಲಿ ಅಂಥ ದಾಖಲೆ ಏನಿದೆ ಎಂದು ಕೆಲವರು ಕೇಳಬಹುದು. ಜನನ ಮರಣ ನೋಂದಣಿ ತಿದ್ದುಪಡಿ ಕಾಯ್ದೆ ಜಾರಿಗೆ ಬಂದ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕದ ಆಧಾರ. ಅದಕ್ಕೂ ಹಿಂದೆ ಹುಟ್ಟಿದವರಲ್ಲಿ ಜನನ ನೋಂದಣಿ ಆಗದ ಅನೇಕರಿಗೆ ಶಾಲೆಯ ದಾಖಲಾತಿ ಪುಸ್ತಕವೇ ಇಂದಿಗೂ ಮುಖ್ಯ ಆಧಾರ. ಬಡವನ ಮಗಳೊಬ್ಬಳ ಪಾಸ್‌ಪೋರ್ಟ್, ನೌಕರಿ, ವಿದ್ಯಾರ್ಥಿವೇತನ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಆ ಸಾಲು ಕಳೆದರೆ ಸಂಸ್ಥೆಗೆ ಒಂದು ಸಾಲು ಹೋಯಿತು. ಆಕೆಗೆ ಇಡೀ ಜೀವನದ ಸಾಕ್ಷಿ ಹೋಯಿತು.

ವಕ್ಫ್ ಆಸ್ತಿಗಳ ವಿಷಯವೂ ಹೀಗೆಯೇ. 2025ರ ಜೂನ್ 6ರಂದು ಕೇಂದ್ರ ಸರ್ಕಾರ ಉಮೀದ್ ಪೋರ್ಟಲ್ ಆರಂಭಿಸಿ, ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಅಪ್‌ಲೋಡ್ ಮಾಡಬೇಕೆಂದಿತು. ಆ ಕಾಯ್ದೆಯ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಹಳೆಯ ವಕ್ಫ್‌ನಾಮೆ, ಗೆಜೆಟ್ ಪ್ರತಿ, ಸರ್ವೆ ದಾಖಲೆಗಳನ್ನು ಒಪ್ಪವಾಗಿ ಇಟ್ಟುಕೊಂಡಿದ್ದವರಿಗೆ ಮತ್ತು ಟ್ರಂಕಿನಲ್ಲಿ ಗೆದ್ದಲಿಗೆ ಬಿಟ್ಟವರಿಗೆ ಇರುವ ವ್ಯತ್ಯಾಸ ಅಂಥ ಸಂದರ್ಭದಲ್ಲಿ ತಿಳಿಯುತ್ತದೆ.

ಆಯ್ಕೆ ಹೇಗೆ?

ಮೊದಲು ನಮ್ಮ ದಾಖಲೆಯ ಗಾತ್ರ ತಿಳಿಯಬೇಕು. ಉದಾಹರಣೆಗೆ 1,500 ವಿದ್ಯಾರ್ಥಿಗಳ ತಲಾ 10 ಪುಟಗಳನ್ನು ಸ್ಕ್ಯಾನ್ ಮಾಡಿದರೆ 15,000 ಪುಟ. ಪುಟಕ್ಕೆ ಅರ್ಧ ಎಂಬಿಯಂತೆ ಏಳೂವರೆ ಜಿಬಿ. ಲೆಕ್ಕಪತ್ರಗಳು ಇದಕ್ಕಿಂತ ಬಹಳ ಕಡಿಮೆ. ವಾರ್ಷಿಕೋತ್ಸವದ ವಿಡಿಯೋಗಳೇ ಹೆಚ್ಚು ಜಾಗ ತಿನ್ನುವುದು. ಅಂದರೆ ನಮ್ಮಂಥವರಿಗೆ ಒಂದೆರಡು ಟೆರಾಬೈಟ್ ಧಾರಾಳ. ದೊಡ್ಡ ಯಂತ್ರ ಕೊಳ್ಳುವ ಅಗತ್ಯವಿಲ್ಲ.

ಎರಡನೆಯದಾಗಿ, ಎಷ್ಟು ದಿನದ ಕೆಲಸ ಕಳೆದರೆ ನಾವು ಸಹಿಸಬಲ್ಲೆವು ಎಂದು ಕೇಳಿಕೊಳ್ಳಬೇಕು. ಮೇ, ಜೂನ್ ದಾಖಲಾತಿ ಸಮಯದಲ್ಲಿ ಒಂದು ದಿನದ್ದು ಹೋದರೂ ಕಷ್ಟ. ಆಗ ಪ್ರತಿದಿನ ಬ್ಯಾಕಪ್ ಬೇಕು. ಉಳಿದ ಕಾಲದಲ್ಲಿ ವಾರಕ್ಕೊಮ್ಮೆ ಸಾಕಾಗಬಹುದು.

ಈಗ ಸಾಧನಗಳನ್ನು ನೋಡೋಣ.

ಪೆನ್ ಡ್ರೈವ್: ಕಡತ ಒಯ್ಯಲು ಅನುಕೂಲ, ಕಾಪಾಡಲು ಅಲ್ಲ. ಸುಲಭವಾಗಿ ಕಳೆಯುತ್ತದೆ, ಹೇಳದೆ ಕೆಡುತ್ತದೆ.

ಹೊರಗಿನ ಹಾರ್ಡ್ ಡಿಸ್ಕ್: ಸಣ್ಣ ಕಚೇರಿಗೆ ಇದೇ ಮುಖ್ಯ ಆಧಾರ. ಒಂದಲ್ಲ, ಎರಡು ಕೊಳ್ಳಬೇಕು. ಒಂದಕ್ಕೆ ಹಸಿರು ಚೀಟಿ, ಇನ್ನೊಂದಕ್ಕೆ ಬಿಳಿ ಚೀಟಿ ಅಂಟಿಸಿ ವಾರಕ್ಕೊಂದರಂತೆ ಬದಲಿಸಬೇಕು. ಒಂದು ಕಚೇರಿಯಲ್ಲಿದ್ದಾಗ ಇನ್ನೊಂದು ಬೇರೆ ಊರಿನಲ್ಲಿರಬೇಕು. ತಾವರೆಕೆರೆಯ ಕಚೇರಿಯ ಡಿಸ್ಕನ್ನು ಶಿರಾದಲ್ಲಿರುವ ಪದಾಧಿಕಾರಿಯೊಬ್ಬರ ಮನೆಯ ಬೀರುವಿನಲ್ಲಿಟ್ಟರೆ ಸಾಕು. ಪ್ರತಿ ಮಾಡಿದ ತಕ್ಷಣ ಡಿಸ್ಕನ್ನು ಯಂತ್ರದಿಂದ ಬಿಡಿಸಬೇಕು. ಸದಾ ಜೋಡಿಸಿಟ್ಟ ಡಿಸ್ಕಿಗೆ ರ‍್ಯಾನ್ಸಮ್‌ವೇರ್ ಕೂಡ ಬೀಗ ಹಾಕಬಲ್ಲದು.

ಎರಡು ಡಿಸ್ಕುಗಳ ನೆಟ್‌ವರ್ಕ್ ಪೆಟ್ಟಿಗೆ: ಕಚೇರಿಯಲ್ಲಿ ಹಲವರು ಒಂದೇ ಕಡತಗಳ ಮೇಲೆ ಕೆಲಸ ಮಾಡುವುದಿದ್ದರೆ ಇದು ಉಪಯುಕ್ತ. ಇದರಲ್ಲಿ ರೇಡ್ ಇರುತ್ತದೆ. ಆದರೆ ಇದು ಅಸಲಿನ ಮನೆ. ಇದಕ್ಕೂ ಹೊರಗಿನ ಡಿಸ್ಕಿನ ನಕಲು ಬೇಕೇ ಬೇಕು.

ಟೇಪ್: ಬ್ಯಾಂಕು, ವಿಶ್ವವಿದ್ಯಾಲಯಗಳಂಥ ದೊಡ್ಡ ಸಂಸ್ಥೆಗಳು ಇಂದಿಗೂ ಬಳಸುತ್ತವೆ. ಬಹುಕಾಲ ಬಾಳುತ್ತದೆ. ಓದುವ ಯಂತ್ರದ ಬೆಲೆ ನಮ್ಮ ಶಕ್ತಿಗೆ ಮೀರಿದ್ದು.

ಕ್ಲೌಡ್: ದೂರದ ಪ್ರತಿಗೆ ಉತ್ತಮ. 10 ಎಂಬಿಪಿಎಸ್ ವೇಗದಲ್ಲಿ ಕಳುಹಿಸಬಹುದಾದ ಸಂಪರ್ಕವಿದ್ದರೆ 10 ಜಿಬಿ ಕಳುಹಿಸಲು ಸುಮಾರು ಎರಡೂಕಾಲು ಗಂಟೆ ಸಾಕು. ರಾತ್ರಿ ಇಟ್ಟು ಹೋಗಬಹುದು. ಖಾತೆ ಮಾತ್ರ ಸಂಸ್ಥೆಯ ಹೆಸರಿನಲ್ಲಿರಬೇಕು. ಕಚೇರಿಯಲ್ಲಿ ಅಳಿಸಿದ್ದು ಅಲ್ಲಿಯೂ ತಾನಾಗಿ ಅಳಿಯುವ ಸೇವೆಯಾಗಿದ್ದರೆ, ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಉಳಿಸುತ್ತದೆ ಎಂದು ಕೇಳಿ ತಿಳಿಯಬೇಕು. ಮಕ್ಕಳ ಆಧಾರ್, ಬ್ಯಾಂಕ್ ವಿವರಗಳಿಗೆ ಗುಪ್ತಪದದ ರಕ್ಷಣೆ ಕೊಟ್ಟೇ ಕಳುಹಿಸಬೇಕು. ಆ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಬ್ಬರು ಪದಾಧಿಕಾರಿಗಳ ಬಳಿ ಇಡಬೇಕು.

ಕಾಗದ: ಗಟ್ಟಿ ರಟ್ಟಿನ ದಾಖಲಾತಿ ಪುಸ್ತಕವನ್ನು ಕಂಪ್ಯೂಟರ್ ಬಂತೆಂದು ಕೈಬಿಡಬಾರದು. ಅದು ನಮ್ಮ ಕಾಲದ ಶಿಲಾಶಾಸನ.

ಇವುಗಳಿಗೆ ಮೊದಲು ಒಂದು ಒಳ್ಳೆಯ ಯುಪಿಎಸ್ ಕೊಳ್ಳುವುದನ್ನು ಮರೆಯಬಾರದು. ವಿದ್ಯುತ್ ಹೋಗಿ ಬರುವ ನಮ್ಮ ಭಾಗದಲ್ಲಿ ಡಿಸ್ಕುಗಳಿಗೆ ಅದೇ ಮೊದಲ ಶತ್ರು.

ಲಿಪಿ ಓದುವವರು ಯಾರು?

ಇನ್ನೊಂದು ವಿಷಯವನ್ನು ಉರ್ದು ಮತ್ತು ಕನ್ನಡ ಬಲ್ಲವರು ವಿಶೇಷವಾಗಿ ಗಮನಿಸಬೇಕು. ಡಿಸ್ಕ್ ಸರಿಯಾಗಿದ್ದು ಅಕ್ಷರವೇ ಓದಲಾಗದಿದ್ದರೆ? 2000ದ ದಶಕದಲ್ಲಿ ನಮ್ಮ ಕಚೇರಿಗಳಲ್ಲಿ ನುಡಿ, ಬರಹ ತಂತ್ರಾಂಶಗಳಲ್ಲಿ ಆಗಿನ ಅಕ್ಷರಶೈಲಿಗಳನ್ನು ಬಳಸಿ ಬೆರಳಚ್ಚು ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಉರ್ದುವಿನ ಹಳೆಯ ಇನ್‌ಪೇಜ್ ಕಡತಗಳೂ ಹೀಗೆಯೇ. ಮೋಡಿ ಲಿಪಿಯ ಹಳೆಯ ಕಾಗದಗಳನ್ನು ಓದುವವರು ವಿರಳವಾದಂತೆ, ಇವುಗಳನ್ನು ಓದುವ ತಂತ್ರಾಂಶವೂ ಒಂದು ದಿನ ವಿರಳವಾಗುತ್ತದೆ. ಇಂಥ ಕಡತಗಳನ್ನು ಈಗಲೇ ಯುನಿಕೋಡಿಗೆ ಪರಿವರ್ತಿಸಿ, ಜತೆಗೆ ಒಂದು ಪಿಡಿಎಫ್ ಪ್ರತಿ ಇಡಬೇಕು. ಮುಸ್‌ಹಫ್‌ನ ಜತೆ ಕಾರಿಯನ್ನೂ ಕಳುಹಿಸಿದ ಹಿರಿಯರ ದೂರದೃಷ್ಟಿ ನಮಗೆ ಬೇಕಾದುದು ಇಲ್ಲಿಯೇ.

ಸದಸ್ಯರಲ್ಲಿ ಒಂದು ಮನವಿ

ಯಂತ್ರ ಯಾವುದೇ ಇರಲಿ, ಅದನ್ನು ನೋಡಿಕೊಳ್ಳುವ ವ್ಯಕ್ತಿ ಇಲ್ಲದಿದ್ದರೆ ವ್ಯರ್ಥ. ಪ್ರತಿಯೊಂದು ಸಂಸ್ಥೆಯ ಕಾರ್ಯಕಾರಿ ಸಮಿತಿ ತನ್ನ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಲಿ. ಬ್ಯಾಕಪ್ ಯಾರ ಹೊಣೆ, ಅವರಿಲ್ಲದಾಗ ಯಾರ ಹೊಣೆ, ಹೊರ ಊರಿನ ಪ್ರತಿ ಯಾರ ಮನೆಯಲ್ಲಿದೆ, ಮುಕಾಬಲ ಯಾವ ದಿನ. ವರ್ಷಕ್ಕೆ ಎರಡು ಬಾರಿಯಾದರೂ ಹತ್ತು ವಿದ್ಯಾರ್ಥಿಗಳ ಹೆಸರನ್ನು ಚೀಟಿ ಎತ್ತಿ, ಅವರ ದಾಖಲೆಗಳನ್ನು ಬ್ಯಾಕಪ್ ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ದಾಖಲಾತಿ ಪುಸ್ತಕದೊಂದಿಗೆ ತಾಳೆ ನೋಡಲಿ. ಹತ್ತರಲ್ಲಿ ಒಂದು ತೆರೆಯದಿದ್ದರೂ ಅಂದೇ ಕಾರಣ ಹುಡುಕಲಿ. ಈ ಕೆಲಸಕ್ಕೆ ಅರ್ಧ ದಿನ ಸಾಕು, ಹಣ ಬೇಕಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೂ ಅಜ್ಜನ ಕಾಲದ ಹಕ್ಕುಪತ್ರ, ನಿಕಾಹ್‌ನಾಮೆ, ಅಂಕಪಟ್ಟಿಗಳಿರುತ್ತವೆ. ಈ ರಜೆಯಲ್ಲಿ ಅವುಗಳನ್ನು ಸ್ಕ್ಯಾನ್ ಮಾಡಿ ಮೂರು ಪ್ರತಿ ಮಾಡಿರಿ. ಒಂದನ್ನು ಬೇರೆ ಊರಿನ ಚಿಕ್ಕಪ್ಪನ ಅಥವಾ ಅತ್ತೆಯ ಮನೆಗೆ ಸಾಗಿಸಿರಿ. ಈ ನಕಲಿಗೆ ಯಾವ ಶಿಕ್ಷಕರೂ ಶಿಕ್ಷೆ ಕೊಡುವುದಿಲ್ಲ.

ಜನರು ನಂಬಿ ಕೊಟ್ಟ ದಾಖಲೆ ನಮ್ಮ ಬಳಿ ಇರುವ ಅಮಾನತ್ತು. ಅದನ್ನು ಕೇಳಿದ ದಿನ ಹಿಂದಿರುಗಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.